ನಮ್ಮ ಸಾಲಿಗೆ ಸ್ಮಾರ್ಟ್ ಬೋರ್ಡ್ ಬಂತ್ರಿ

ಪುಣೆದಾಗ ಕನ್ನಡ ಸಾಲಿ ಮಾಸ್ತರಿಕಿ ಮಾಡೋರಿಗೆ ನಗಸಾಕ ಬ್ಯಾರೆ ಯಾರೂ ಬೇಕಾಗಿಲ್ಲ. ಹಾಜರಿ ಕರದು ಮುಗಿಯೂದ್ರಾಗ ಒಂದಲ್ಲ ಒಂದು ಪ್ರಸಂಗ ನಡದೇ ಬಿಟ್ಟಿರತದ. ಅದ್ರಾಗೂ ಸಾಲಿಗೆ ಟ್ಯಾಬು, ಗ್ವಾಡಿ ತುಂಬೋ ಸ್ಮಾರ್ಟ್ ಬೋರ್ಡು ಬಂದ ಮ್ಯಾಲಂತೂ ಕೇಳೂದೇ ಬ್ಯಾಡ್ರಿ. ಸಂಜಿಗೆ ಮನಿಗೆ ಹೋದ ಕೂಡಲೇ ನಮ್ಮ ಯಜಮಾನ್ರು ಚಾ ಕಪ್ಪು ಕೆಳಗಿಟ್ಟು, "ಹೂಂ, ಇವತ್ತೇನಾತು ಹೇಳು" ಅಂತಾರ. ಕಪ್ಪು ಕೈಯಾಗಿದ್ರ ನಕ್ಕು ಅಂಗಿಮ್ಯಾಲೆ ಚೆಲ್ಲಿಕೋತಾರ, ಅನುಭವ ಆಗೇದ ಅವರಿಗೆ.

ನಮ್ಮ ಸಾಲಿ ಮಾರ್ಕೆಟ್ ಯಾರ್ಡಿನ ಕಡೆ ಅದ. ಭಾಳಷ್ಟು ಮಕ್ಕಳು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕ ಬಂದವರ ಮಕ್ಕಳು. ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ, ಟಿವಿ ಮುಂದ ಹಿಂದಿ, ಜಗಳಕ್ಕ ನಿಂತ್ರ ಮೂರೂ. ನಾನು ಏಳನೇತ್ತಾದ, ಅಂದ್ರ ಏಳನೇ ಕ್ಲಾಸಿನ ಟೀಚರು. ನನಗ ಸಿಟ್ಟು ಮೂಗಿನ ತುದಿಮ್ಯಾಲೆ ಅಂತ ಹುಡುಗ್ರು ಮಾತಾಡ್ಕೋತಾರ. ಸುಳ್ಳೇನಲ್ಲ.

ಬೋರ್ಡಿನ ಮೈಮ್ಯಾಲೆ ಬಂತು

ಬೋರ್ಡು ಬಂದದ್ದು ದಸರಾದ ಮುಂಚೆ. ಉಡುಪಿ ಕಡೆಯ ಹೋಟೆಲ್ ಮಾಲಕರೊಬ್ಬರು ಪುಣ್ಯ ಬರಲಿ ಅಂತ ಕೊಡಿಸಿದ್ರು. ಕಂಪನಿ ಹುಡುಗ ಬಂದು ಗ್ವಾಡಿಗೆ ಬಡದು, "ಬೆರಳಿನಿಂದ ಮುಟ್ಟಿ ನಡಸೂದು" ಅಂತ ಹೇಳಿ ಹೋದ. ಅಂವ ಹೋದ ಕೂಡಲೇ ನಮ್ಮ ಹೆಡ್ಮಾಸ್ತರು ಬೋರ್ಡಿದ್ದ ಖೋಲಿ ಬಾಗಿಲಕ್ಕ ಕೀಲಿ ಹಾಕಿದ್ರು. "ಖಂಡೇ ಪೂಜಿ ಆಗೂತನಕ ಯಾರೂ ಮುಟ್ಟಂಗಿಲ್ಲ!" ಮುಟ್ಟಿ ನಡಸೋ ಬೋರ್ಡಿಗೆ ಮುಟ್ಟಬಾರದು ಅಂತ ಕಾವಲು. ನಾ ಏನರೆ ಅಂದ್ರ ಟೀಚರು ನಾಸ್ತಿಕರು ಅಂತಾರ, ಸುಮ್ಮನಾದೆ.

ಖಂಡೇ ಪೂಜಿ, ಅಂದ್ರ ಆಯುಧ ಪೂಜಿ ದಿನ ಹೆಡ್ಮಾಸ್ತರು ಮಡಿ ಪಂಜಿ ಉಟ್ಟು ಬಂದ್ರು. ಬೋರ್ಡಿನ ಚೌಕಟ್ಟಿಗೆ ವಿಭೂತಿ ಬಳದು, ಕುಂಕುಮ ಹಚ್ಚಿ, ಮಾರ್ಕೆಟ್ ಯಾರ್ಡಿನಿಂದ ತರಿಸಿದ್ದ ಚೆಂಡಹೂವಿನ ಹಾರ ಹಾಕಿದ್ರು. ಅದೇನು ಸಣ್ಣ ಹಾರೇನ್ರಿ, ಲಾರಿಗೆ ಹಾಕೂವಂಥಾದ್ದು! ಬೋರ್ಡಿನ ಎದಿತುಂಬ ಜೋತುಬಿತ್ತು. ಆಮ್ಯಾಲೆ ಟೆಂಗು ಒಡದು ಬಟನ್ ಒತ್ತಿದ್ರು.

ಶುರುವಾತು ನೋಡ್ರಿ. ತನ್ನಿಂದ ತಾನ ಒಂದು ಪುಟ ತಗೀತು, ಮುಚ್ಚತು. ತನ್ನಿಂದ ತಾನ ಗೀರು ಎಳೀಲಿಕ್ಕತ್ತು. ನಡುವ ಒಂದು ಆನಿ ವಿಡಿಯೋ ಚಾಲೂ ಆಗಿ ಅದು ಘೀಳಿಟ್ಟಿತು. ಮಕ್ಕಳೆಲ್ಲಾ ಕೈ ಮುಗದು ನಿಂತ್ವು. ಬಿಸಿಯೂಟದ ಅಕ್ಕ ಅಡಗಿಮನಿಯಿಂದ ಓಡಿ ಬಂದು, "ಸರ್, ಮೈಮ್ಯಾಲೆ ಬಂದದ, ಜಲ್ದಿ ಏನರೆ ಕೇಳ್ಕೋರಿ!" ಅಂತ ಒದರಿದ್ಲು. ನಮ್ಮ ಹೆಡ್ಮಾಸ್ತರು ಖರೇನೇ ಕೈ ಜೋಡಿಸಿ, "ತಾಯಿ, ನಮ್ಮಿಂದ ಏನು ತಪ್ಪಾತು?" ಅಂತ ಕೇಳೇಬಿಟ್ರು.

ನಾನು ವಿಮಾನ ನಗರದ ಆ ಕಂಪನಿ ಹುಡುಗಗ ವಿಡಿಯೋ ಕಾಲ್ ಹಚ್ಚಿ ಬೋರ್ಡು ತೋರಿಸಿದೆ. ಅಂವ ಒಂದು ಸಲ ನೋಡಿ, "ಮ್ಯಾಡಮ್, ಆಧೀ ತೋ ಹಾರ ಕಾಢಾ" ಅಂದ. ಹಾರ ತಗದ್ವಿ. ಬೋರ್ಡು ತೆಪ್ಪಗಾತು. ಪರದೆಗೆ ಏನು ತಾಗಿದ್ರೂ ಅದು ಬೆರಳು ಅಂತ ತಿಳ್ಕೋತದಂತ, ಒಂದೊಂದು ಚೆಂಡಹೂವೂ ಅದಕ್ಕ ಒಂದೊಂದು ಬೆರಳಾಗಿತ್ತು. ಹುಡುಗರಿಗೆ ಒಂದು ಬೆರಳು ಹಚ್ಚಗೊಡದ ಹೆಡ್ಮಾಸ್ತರು ತಾವೇ ಹಾರಗಟ್ಟಲೆ ಬೆರಳು ಹಚ್ಚಿದ್ರು. ಬಿಸಿಯೂಟದ ಅಕ್ಕ ಮಾತ್ರ ಇವತ್ತಿಗೂ ಒಪ್ಪೂದಿಲ್ಲ. "ಹಾರ ಕಿತ್ತಗೊಂಡ್ರಿ, ದೇವರು ಸಿಟ್ಟಾಗಿ ಇಳದು ಹೋತು" ಅಂತಾಳ.

ತಗಡು ಮಾತಾಡ್ತು

ಈಗ ಒಬ್ಬ ಹುಡುಗಿ ಬಗ್ಗೆ ಹೇಳಬೇಕು. ನನ್ನ ಕ್ಲಾಸಿನಾಗ ಕಡೀ ಬೆಂಚಿನ ಮೂಲ್ಯಾಗ ಕೂಡ್ತಿದ್ಲು. ಹಾಜರಿಗೂ ಬಾಯಿ ಬಿಡೂದಿಲ್ಲ, ಬರೇ ಕೈ ಎತ್ತತಾಳ. ಬರಿಯೂದು ಮುತ್ತಿನಂಗ, ಮಾತು ಮಾತ್ರ ಸೊನ್ನಿ. ದಸರಾ ಸೂಟಿ ಮುಗದ ಮರುದಿನ ಅವರಪ್ಪ ಸಾಲಿಗೆ ಬಂದ. ಗೌಂಡಿ ಕೆಲಸದಾಂವ. "ಟೀಚರ, ಏಳನೇತ್ತಾ ಒಂದು ಮುಗೀಲ್ರಿ, ಇಕಿನ್ನ ಊರಿಗಿ ನಮ್ಮವ್ವನ ಕಡೆ ಬಿಡತೀನಿ. ಬಾಯೇ ಇಲ್ಲದ ಹುಡುಗಿ, ಮುಂದ ಓದಿ ಏನ್ ಮಾಡತಾಳ?"

ಹುಡುಗಿ ಬಾಜೂಕನೇ ನಿಂತು ತನ್ನ ಕಾಲ್ಬೆರಳು ನೋಡಾಕತ್ತಿದ್ಲು. ನಾ ಆಕಿ ವಹಿ ತಗದು ಅವರಪ್ಪನ ಮುಂದ ಹಿಡದು, "ಇಕಿ ಬರದದ್ದರೆ ನೋಡ್ರಿ" ಅಂದೆ.

"ಬರದದ್ದಲ್ಲ ಟೀಚರ, ಮಂದ್ಯಾಗ ನಿಂತು ನಾಕು ಮಾತಾಡಬೇಕು. ಆಡಿದ್ದು ತೋರಸ್ರಿ, ಆಮ್ಯಾಲೆ ನೋಡೂಣು."

"ತೋರಸ್ತೀನಿ ತಗೋರಿ!" ಅಂದೆ. ಸಿಟ್ಟಿನಾಗ ಅಂದದ್ದು. ಅಂವ ಗೇಟು ದಾಟಿದ ಮ್ಯಾಲೆ ಹ್ಯಾಂಗ ತೋರಸೂದು ಅಂತ ತಲಿ ಹಿಡಕೊಂಡು ಕುಂತೆ.

ಅದಕ್ಕ ಒಂದು ಉಪಾಯ ಮಾಡಿದೆ. ಎಲ್ಲಾರೂ ಮನ್ಯಾಗ ಫೋನಿನಾಗ 'ನಮ್ಮ ಮನೆ' ಅಂತ ಮಾತಾಡಿ ವಿಡಿಯೋ ಕಳಸ್ರಿ ಅಂದೆ. ಅಯ್ಯ ಶಿವನ, ಏನೇನು ಬಂದ್ವು! ಒಬ್ಬ ಹುಡುಗನ ವಿಡಿಯೋದಾಗ ಅಂವ ಮುಂದ ನಿಂತಾನ, ಹಿಂದ ಇಡೀ ಕಾಲೊನಿ ಗಂಡಸರು ತಲಿ ಬಾಚಿ, ಇಸ್ತ್ರಿ ಅಂಗಿ ಹಾಕ್ಕೊಂಡು, ಕೈ ನೆಟ್ಟಗ ಬಿಟ್ಟು ಸಾಲಾಗಿ ನಿಂತಾರ. ಫೋಟೋ ತಗೀತಾರ ಅಂತ ಯಾರೋ ಹೇಳ್ಯಾರ. ವಿಡಿಯೋ ಮುಗಿಯೂತನಕ ಒಬ್ಬರೂ ಪಿಟ್ ಅಂದಿಲ್ಲ, ರೆಪ್ಪಿ ಬಡದಿಲ್ಲ. ಹುಡುಗ ಅವರ ಮುಂದ ನಿಂತು, "ನಮ್ಮದು ಚಿಕ್ಕ ಕುಟುಂಬ" ಅನ್ನಾಕತ್ತಾನ.

ನನ್ನ ಆ ಹುಡುಗಿ ವಿಡಿಯೋ ತಗದ್ರ ಬರೇ ಮನಿ ಮ್ಯಾಲಿನ ತಗಡು ಕಂಡಿತು. ಫೋನು ನೆಲದಮ್ಯಾಲೆ ಮಲಗಿಸ್ಯಾಳ. ಕೆಟ್ಟೋತು ಅನ್ನೂದ್ರಾಗ ತಗಡು ಮಾತಾಡ್ತು! "ನಮ್ಮ ಮನಿಗೆ ಒಂದು ಕಿಟಕಿ ಅದ, ಅದ್ರಾಗ ನಮ್ಮಪ್ಪ ಕಟ್ಟೋ ಬಿಲ್ಡಿಂಗ್ ಕಾಣಸ್ತದ..." ಎಂಥಾ ಸ್ವಚ್ಛ ದನಿ! ನಡುವ ಹೊರಗ ಕಲ್ಲು ಕೊರಿಯೋ ಮಶೀನಿನ ಗದ್ದಲ ಶುರುವಾತು. ತಗಡು ಚೀರಿತು: "ಏ ಕಾಕಾ, ಮಶೀನು ಬಂದ್ ಮಾಡೋ! ಟೀಚರ ಜೋಡಿ ಮಾತಾಡಾಕತ್ತೀನಿ, ತಿಳಿಯೂದಿಲ್ಲೇನು?" ಮಶೀನು ಖರೇನೇ ಬಂದಾತು.

ನನ್ನ ಕಣ್ಣಾಗ ನೀರು ಬಂದ್ವು. ಮರುದಿನ ಮಕ್ಕಳೆಲ್ಲಾ ಆಟಕ್ಕ ಹೋದಾಗ ಆಕಿನ್ನ ಕರದು, "ಇಷ್ಟು ಛಲೋ ಮಾತಾಡತಿ, ಮಾರಿ ಯಾಕ ತೋರಸಲಿಲ್ಲವಾ?" ಅಂತ ಕೇಳಿದೆ. ಆಕಿ ಸ್ಮಾರ್ಟ್ ಬೋರ್ಡಿನ ಮ್ಯಾಲೆ ಬೆರಳಿನಿಂದ ಬರದ್ಲು: 'ಮಂದಿ ಮಾರಿ ಕಂಡ್ರ ಮಾತು ಬರಂಗಿಲ್ಲ ಟೀಚರ.' ಅದರ ಕೆಳಗ ಸಣ್ಣ ಅಕ್ಷರದಾಗ: 'ಕಾಕಾಗ ಬೈದದ್ದು ಅಪ್ಪಗ ಹೇಳಬ್ಯಾಡ್ರಿ.'

ಕಣ್ಣಾಗ ಕಣ್ಣಿಟ್ಟು

ಮಗರಪಟ್ಟಾದ ಒಂದು ಕಂಪ್ಯೂಟರ್ ಆಫೀಸಿನಿಂದ ಬೆಂಗಳೂರಿನ ಒಬ್ಬ ಹುಡುಗಿ ಶನಿವಾರಕ್ಕೊಮ್ಮೆ ನಮ್ಮ ಮಕ್ಕಳಿಗೆ ಕಂಪ್ಯೂಟರ್ ಕಲಸಾಕ ಬರತಿದ್ಲು. ನಾವೆಲ್ಲಾ ಆಕಿಗೆ ಶನಿವಾರದ ಮಿಸ್ಸು ಅಂತಿದ್ವಿ. ಬಂಗಾರದಂಥಾ ಹುಡುಗಿ, ಆದ್ರ ನಮ್ಮ ಕಡೆ ರೀತಿ ರಿವಾಜು ಆಕಿಗೇನು ಗೊತ್ತು? ಒಂದಿನ ಮಕ್ಕಳಿಗೆ ಹೇಳಿದ್ಲು: "ನೋಡಿ ಮಕ್ಳೇ, ಕಾನ್ಫಿಡೆನ್ಸ್ ಬರ್ಬೇಕು ಅಂದ್ರೆ ಫಸ್ಟು ಐ ಕಾಂಟ್ಯಾಕ್ಟ್. ಯಾರ ಹತ್ರ ಮಾತಾಡಿದ್ರೂ ಅವ್ರ ಕಣ್ಣನ್ನೇ ನೋಡ್ಬೇಕು. ತಲೆ ತಗ್ಸೋ ಹಾಗಿಲ್ಲ, ಓಕೆನಾ?"

ನಮ್ಮಲ್ಲಿ ಹಿರೇರು ಬೈಯುವಾಗ ತಲಿ ತಗ್ಗಿಸಿ ನೆಲ ನೋಡೂದು ಮರ್ಯಾದಿ. ಸೋಮವಾರ ತಡಾ ಮಾಡಿ ಬಂದ ಹುಡುಗರನ್ನ ಹೆಡ್ಮಾಸ್ತರು ಸಾಲಾಗಿ ನಿಲ್ಲಿಸಿ ಬೈಯಾಕ ಶುರು ಮಾಡಿದ್ರು. ಹುಡುಗ್ರು ಒಮ್ಮೆಲೇ ತಲಿ ಎತ್ತಿ, ಅವರ ಕಣ್ಣಾಗ ಕಣ್ಣಿಟ್ಟು, ರೆಪ್ಪಿ ಬಡೀದ ನೋಡಿದ್ವು. ಹೆಡ್ಮಾಸ್ತರ ಮಾತು ಅರ್ಧಕ್ಕ ನಿಂತಿತು. ಮೂಗು ಒರಿಸಿಕೊಂಡ್ರು. ಅಂಗಿ ಗುಂಡಿ ಮುಟ್ಟಿ ನೋಡಿಕೊಂಡ್ರು. ಮೆಲ್ಲಕ ಸರದು ನನ್ನ ಕಡೆ ಬಂದು, "ಟೀಚರ, ನನ್ನ ಮಾರಿಗೆ ಏನರೆ ಹತ್ತೇದೇನು?" ಅಂದ್ರು. ವಿಷಯ ಹೇಳಿದೆ. "ಅಲ್ರೀ, ಹಿಂಗ ನೋಡಿಕೋತ ನಿಂತ್ರ ಮನಷಾ ಬೈಯೂದರೆ ಹ್ಯಾಂಗ?" ಅಂತ ಆಫೀಸಿನೊಳಗ ಹೋಗಿ ಕುಂತ್ರು.

ಕಡೀ ಬೆಂಚಿನ ನನ್ನ ಹುಡುಗೀನೂ ತಲಿ ಎತ್ತಿದ್ಲು. ಇಡೀ ಪಾಠ ನನ್ನನ್ನೇ ನೋಡತಿದ್ಲು. ಬಾಯಿ ಮಾತ್ರ ಹೊಲದಂಗ ಬಂದ್. ತಗಡಿನ ವಿಡಿಯೋದಾಗ ದನಿ ಸಿಕ್ಕಿತ್ತು, ಈಗ ಮಾರಿ ಸಿಕ್ತು. ಎರಡೂ ಕೂಡೇ ಸಿಗೂದು ಯಾವಾಗ? ವರ್ಷ ಮುಗಿಯಾಕ ಬಂದಿತ್ತು, ಅವರಪ್ಪ ಆಗಲೇ ಊರಿಗಿ ಫೋನ್ ಮಾಡಿ ಹೇಳಿಬಿಟ್ಟಿದ್ದ ಅಂತ ಸುದ್ದಿ. ನನಗ ಊಟ ಸೇರತಿರಲಿಲ್ಲ.

ಆ ವಾರದಾಗೇ ಇನ್ನೊಬ್ಬ ಹುಡುಗನ ತಾಯಿ ಸಾಲಿಗೆ ಬಂದ್ಲು. ಇಕಿ ಜಗಳಕ್ಕ ಬಂದಾಳ ಅಂತ ನಾ ಸೆರಗು ಬಿಗದು ತಯಾರಾದೆ. ಆಕಿ ಮೆತ್ತಗ, "ಟೀಚರ, ನನ್ನ ಮಗ ನಿನ್ನೆ ಅವರಪ್ಪನ್ನ ನೆಟ್ಟ ನೋಡಿಕೋತ 'ನನಗ ಕಂಪಾಸ್ ಪೆಟಿಗಿ ಬೇಕು' ಅಂದ. ಅವರಪ್ಪ ಅಂಜಿ ಸಂಜೀಕನೇ ತಂದು ಕೊಟ್ಟ" ಅಂದ್ಲು. ಆಮ್ಯಾಲೆ ಆಚೀಚೆ ನೋಡಿ, "ನನಗ ಒಂದು ಸೀರಿ ಬೇಕಾಗೇದ. ಅದೇನು ನೋಡೂದು ಕಲಿಸೀರಿ, ನನಗೂ ಒಂದೀಟು ಕಲಸ್ರಿ" ಅಂದ್ಲು.

ತಂದೆಯ ಹೆಸರು

ಕಡೀಕ ಪಾಲಕರ ಸಭೆ ಬಂತು. ಮಕ್ಕಳು ಕಲತದ್ದನ್ನ ಬೋರ್ಡಿನ ಮ್ಯಾಲೆ ಮಾಡಿ ತೋರಸಬೇಕು. ಶನಿವಾರದ ಮಿಸ್ಸು ಮಕ್ಕಳಿಗೆ ಕನ್ನಡದಾಗ ಮಾತಾಡಿದ್ದನ್ನ ಬೋರ್ಡು ತಾನ ಬರಕೊಳ್ಳೂವಂಗ ಮಾಡೂದು ಕಲಿಸಿದ್ಲು. ಆ ಕೆಲಸ ನಾನು ಬೇಕಂತ ನನ್ನ ಹುಡುಗಿಗೆ ಕೊಟ್ಟೆ. ಯಾಕಂದ್ರ ಬೋರ್ಡಿಗೆ ಮಾರಿ ಮಾಡಿ ನಿಂತ್ರ ಮಂದೀಗೆ ಬೆನ್ನು ಆಗತದ. ಮಂದಿ ಮಾರಿ ಕಾಣೂದಿಲ್ಲ, ಎರಡು ಮಾತರೆ ಆಡ್ಯಾಳು ಅಂತ ನನ್ನ ಲೆಕ್ಕ.

ಅವರಪ್ಪನೂ ಬಂದಿದ್ದ. ಕಡೀ ಸಾಲಿನ ಕುರ್ಚಿಮ್ಯಾಲೆ ಕೈ ಕಟ್ಟಿ, ತೋರಸ್ರಿ ನೋಡೂಣು ಅನ್ನೂವಂಗ ಕುಂತಿದ್ದ.

ಹುಡುಗಿ ಬೋರ್ಡಿನ ಮ್ಯಾಲೆ ಮೂರು ಖಾಲಿ ಚೌಕ ತಗದ್ಲು: ವಿದ್ಯಾರ್ಥಿಯ ಹೆಸರು, ತಾಯಿಯ ಹೆಸರು, ತಂದೆಯ ಹೆಸರು. ಮೈಕಿನ ಬಟನ್ ಒತ್ತಿ, ಬೆನ್ನು ಮಾಡಿಕೊಂಡೇ ತನ್ನ ಹೆಸರು ಪಿಸುಗುಟ್ಟಿದ್ಲು. ಬೋರ್ಡು ಬರೀತು. ಮಂದಿ ಚಪ್ಪಾಳಿ ಹೊಡದ್ರು.  ಆಮ್ಯಾಲೆ ಆಕಿ ಅವ್ವ ಬಂದು ತನ್ನ ಹೆಸರು ಹೇಳಿದ್ಲು. ಅದೂ ಬಂತು. ಮೂರನೇ ಚೌಕಕ್ಕ ಬಂದು ಗಾಡಿ ನಿಂತಿತು.

ಗಂಡನ ಹೆಸರು ಹ್ಯಾಂಗ ಹೇಳತಾಳ್ರಿ? ಸೆರಗು ಬಾಯಿಗೆ ಹಿಡಕೊಂಡು ನಗಲಿಕ್ಕತ್ತಿದ್ಲು. "ಹೇಳ್ರಿ ಅಮ್ಮಾ, ಜಸ್ಟ್ ಹೆಸರು ಅಷ್ಟೇ" ಅಂತ ಶನಿವಾರದ ಮಿಸ್ಸು ಅಂದ್ಲು. ಹೆಣ್ಣುಮಕ್ಕಳೆಲ್ಲಾ ಕೂಡಿ, "ಏ, ಒಡಪು ಹಾಕಿ ಹೇಳ, ಒಡಪು ಹಾಕಿದ್ರ ನಡೀತದ" ಅಂತ ಕೂಗಿದ್ರು. ಮದುವ್ಯಾಗ ಗಂಡನ ಹೆಸರು ಹೇಳುವಾಗ ಪ್ರಾಸ ಕಟ್ಟಿ ಹಾಡಿದಂಗ ಹೇಳತಾರಲ್ಲ, ಅದು. ಆಕಿ ಗಂಟಲ ಸರಿ ಮಾಡಿಕೊಂಡು ಅಂದೇಬಿಟ್ಲು:

"ಹತ್ತು ಮಾಳಿಗಿ ಹತ್ತಿ ನಿಂತ್ರ ಕಾಣತದ ನಮ್ಮೂರು,
ಶರಣಪ್ಪನವರ ಹೆಸರು ಹೇಳತೀನಿ, ನಗಬ್ಯಾಡ್ರಿ ಯಾರೂ!"

ಬೋರ್ಡಿಗೇನು ಗೊತ್ತು, ಪಾಪ. 'ತಂದೆಯ ಹೆಸರು' ಅನ್ನೋ ಚೌಕದಾಗ ಹತ್ತು ಮಾಳಿಗಿಯಿಂದ ನಗಬ್ಯಾಡ್ರಿ ತನಕ ಅಷ್ಟೂ ಬರೀತು. ಶನಿವಾರದ ಮಿಸ್ಸು ಕಣ್ಣು ಅಗಲ ಮಾಡಿ ಓದಿ, "ಟೀಚರ್, ಇದು ಇವ್ರ ಫುಲ್ ನೇಮಾ?" ಅಂದ್ಲು. ಸಭಾ ಬಿದ್ದು ಬಿದ್ದು ನಕ್ಕಿತು. ಹೆಣ್ಣುಮಕ್ಕಳೆಲ್ಲಾ ಎದ್ದು, "ನಂದೂ ಬರೀಲಿ, ನಂದೂ ಬರೀಲಿ" ಅಂತ ಸರತಿ ಹಚ್ಚಿದ್ರು.

ಅಷ್ಟ್ರಾಗ ಯಾರೋ, "ಹೆಣ್ಣಮಗಳು ಹೇಳಿದ್ಲು, ಇನ್ನ ಗಂಡ ಹೇಳಲಿ! ಹೆಂಡ್ತಿ ಹೆಸರು ಹೇಳಲಿ!" ಅಂದ್ರು. ನಾಕು ಮಂದಿ ಕೂಡಿ ಶರಣಪ್ಪನ್ನ ಎಳಕೊಂಡು ಬಂದು ಮುಂದ ನಿಲ್ಲಿಸಿದ್ರು. ಮಾಳಿಗಿ ಮ್ಯಾಲೆ ನಿಂತು ಒದರಿದ್ರ ಕೆಳಗ ಸಿಮೆಂಟಿನ ಮಾಲು ಕಲಸೋರು ಬೆಚ್ಚಿಬೀಳೋವಂಥಾ ದನಿ ಅಂವಂದು. ಈಗ ಮಂದಿ ನೋಡಿ ಬಾಯಿ ತಗೀತಾನ, ಮುಚ್ಚತಾನ. ಬೆವರು ಒರಸ್ತಾನ. "ಹೂಂ... ಅದು... ಹೂಂ..." ಬೋರ್ಡು ಅದನ್ನೇ ಬರಕೋತ ನಡೀತು: ಹೂಂ ಅದು ಹೂಂ.

ಆಗ ನೋಡ್ರಿ, ನನ್ನ ಹುಡುಗಿ ಗರ್ರನ ಹೊಳ್ಳಿ ನಿಂತ್ಲು. ಇಡೀ ಸಭಾ ಆಕಿ ಮಾರಿ ನೋಡಾಕತ್ತಿತ್ತು. ಆಕಿ ಅವರಪ್ಪನ ಕಣ್ಣಾಗ ಕಣ್ಣಿಟ್ಟು ಒದರಿದ್ಲು:

"ಅಪ್ಪಾ, ಬಾಯಿ ತಗದು ಮಾತಾಡು! ಹಿಂಗ ಬಾಯಾಗ ಬಾಯಾಗ ಗೊಣಗಿದ್ರ ಬೋರ್ಡಿಗೆ ಹ್ಯಾಂಗ ಕೇಳಬೇಕು? ತಪ್ಪಾದ್ರ ಅಳಿಸಿ ಮತ್ತ ಬರಸೂಣು. ಯಾರೂ ನಿನ್ನ ನುಂಗೂದಿಲ್ಲ, ಅಂಜಬ್ಯಾಡ!"

 ಸಭಾದಾಗ ಎದ್ದ ನಗಿಗೆ ಸಾಲಿ ಮ್ಯಾಲಿನ ಪತ್ರಾಸಿನ ತಗಡು ಹಾರಿ ಹೋಗತಾವ ಅನಿಸಿತು. ನಾ ನಗಾಕತ್ತೀನೋ ಅಳಾಕತ್ತೀನೋ ನನಗೇ ತಿಳೀಲಿಲ್ಲ. ಶರಣಪ್ಪ ಮಗಳ ಮಾರಿ ನೋಡಿಕೋತ ನಿಂತುಬಿಟ್ಟ. ಅಂವನ ಕಣ್ಣೂ ತುಂಬಿದ್ವು. ಕಡೀಕ ನನ್ನ ಕಡೆ ತಿರುಗಿದಾಗ ದನಿ ಬಂತು, ಅದೂ ಮಾಳಿಗಿ ಮ್ಯಾಲಿನ ದನಿ.

"ಟೀಚರ, ಇಕಿನ್ನ ಊರಿಗಿ ಕಳಸೂದು ಬ್ಯಾಡ್ರಿ! ಅಲ್ಲಿ ನಮ್ಮವ್ವನ ಬಾಯಿ ಒಂದಕ್ಕೇ ಓಣಿ ಮಂದಿ ಸಾಕಾಗ್ಯಾರ, ಎರಡು ಬಾಯಿ ಕೂಡಿದ್ರ ಊರು ಬಿಟ್ಟು ಹೋಗತಾರ! ಎಂಟನೇತ್ತಾನೂ ಇಲ್ಲೇ ಕಲೀಲಿ!"

ಮೈಕು ಇನ್ನೂ ಚಾಲೂನೇ ಇತ್ತು. ಅಂವ ಅಂದದ್ದಷ್ಟೂ ಗ್ವಾಡಿ ತುಂಬ ದಪ್ಪ ಅಕ್ಷರದಾಗ ಮೂಡಿತು, ಅದೂ ತಂದೆಯ ಹೆಸರಿನ ಚೌಕದಾಗ. ನಮ್ಮ ಹೆಡ್ಮಾಸ್ತರು ಕುರ್ಚಿ ಬಿಟ್ಟು ಜಿಗದು ಎದ್ರು. "ಬರದಾತು, ಬರದಾತು! ಇನ್ನ ನಾ ಅಂದೇ ಇಲ್ಲ ಅನ್ನಂಗಿಲ್ಲ! ಸೇವ್ ಮಾಡವ್ವಾ, ಜಲ್ದಿ ಸೇವ್ ಮಾಡು!"

ಹುಡುಗಿ ಅಲ್ಲಿಂದನೇ, ಕಡೀ ಸಾಲಿಗೂ ಕೇಳೂವಂಗ ಅಂದ್ಲು:

"ಆಗಲೇ ಮಾಡೇನ್ರಿ ಸರ್!"