ಮೊಪೆಡ್ ಮೇಲೆ ಬಂದ ಕಾದಂಬರಿಗಳು

ನಾಡಿಗೆ ಸಾಹಿತ್ಯ ಯಾಕೆ ಬೇಕು ಅಂತ ದೊಡ್ಡವರು ವೇದಿಕೆ ಮೇಲೆ ಮಾತಾಡುವಾಗೆಲ್ಲ ನನಗೆ ನನ್ನ ಗಿರಾಕಿಗಳೇ ನೆನಪಾಗುತ್ತಾರೆ. ತೊಂಬತ್ತರ ದಶಕದಲ್ಲಿ ತುಮಕೂರಿನಲ್ಲಿ ನನ್ನದೊಂದು ಬಾಡಿಗೆ ಪುಸ್ತಕದ ಲೈಬ್ರರಿ ಇತ್ತು. ಮೊಪೆಡ್ಡಿಗೆ ಎರಡೂ ಕಡೆ ಚೀಲ ನೇತುಹಾಕಿಕೊಂಡು ಮಂಗಳವಾರ ಗುಬ್ಬಿ, ಶುಕ್ರವಾರ ಕುಣಿಗಲ್ಲು, ಮಿಕ್ಕ ದಿನ ಊರೊಳಗೆ ಸುತ್ತುತ್ತಿದ್ದೆ. ಹೋದ ಕಡೆಯೆಲ್ಲ ಏನಾದರೊಂದು ಆಗದೇ ಇರುತ್ತಿರಲಿಲ್ಲ.

ಕೆಂಪು ಇಂಕು

ಕ್ಯಾತ್ಸಂದ್ರದಲ್ಲಿ ಒಬ್ಬರು ರಿಟೈರ್ಡ್ ಹೆಡ್‌ಮಾಸ್ಟರು. ಕಾದಂಬರಿಯಲ್ಲಿನ ತಪ್ಪುಗಳನ್ನೆಲ್ಲ ಕೆಂಪು ಇಂಕಿನಲ್ಲಿ ತಿದ್ದಿ, ಕೊನೇ ಪುಟದಲ್ಲಿ ಮಾರ್ಕ್ಸ್ ಹಾಕೋರು. ಒಂದರಲ್ಲಿ, ‘ನೂರಕ್ಕೆ ಇಪ್ಪತ್ತೆಂಟು. ನಾಯಕನ ನಡತೆ ತೃಪ್ತಿಕರವಾಗಿಲ್ಲ’ ಅಂತ ಬರೆದು ಸಹಿಯನ್ನೂ ಹಾಕಿದ್ದರು.

“ಸಾರ್, ಬೇರೆಯವರೂ ಓದಬೇಕಲ್ಲ” ಅಂದೆ.

“ಅವರಿಗೋಸ್ಕರಾನೇ ತಿದ್ದಿರೋದು ಕಣಯ್ಯ. ತಪ್ಪು ಕನ್ನಡ ಓದಿದೋರು ತಪ್ಪಾಗೇ ಬರೀತಾರೆ.”

ಪುಸ್ತಕ ಹಾಳಾಯ್ತು ಅಂದುಕೊಂಡೇ ಪಕ್ಕದ ಬೀದಿಯ ಬ್ಯಾಂಕ್ ಮೇಡಂಗೆ ಕೊಟ್ಟೆ. ಮುಂದಿನ ವಾರ ಅವರು ಮೆಲ್ಲಗೆ ಕೇಳಿದರು: “ಮೇಷ್ಟ್ರು ಫೇಲ್ ಮಾಡಿರೋದು ಇನ್ನೂ ಇದ್ರೆ ಕೊಡಿ. ಪಾಸಾಗಿರೋದ್ರಲ್ಲಿ ಬರೀ ಬುದ್ಧಿವಾದ.”

ನಿಂತುಹೋದ ಕತೆ

ಗುಬ್ಬಿಯ ಒಂದು ಮನೆಯಲ್ಲಿ ಅತ್ತೆಗೆ ಓದೋಕೆ ಬರ್ತಿರಲಿಲ್ಲ. ಮಧ್ಯಾಹ್ನ ಊಟ ಆದಮೇಲೆ ಸೊಸೆ ಗಟ್ಟಿಯಾಗಿ ಓದೋಳು, ಅತ್ತೆ ಅವರೆಕಾಯಿ ಸುಲೀತಾ ಕೇಳೋರು. ಒಂದು ಮಂಗಳವಾರ ಹೋದರೆ ಅತ್ತೆ ಗೇಟಿನ ಹತ್ತಿರವೇ ನನ್ನನ್ನು ತಡೆದರು.

“ಆ ಹುಡುಗಿ ಬಾವಿಗೆ ಬಿದ್ಲೋ ಇಲ್ವೋ, ಅಷ್ಟು ಹೇಳ್ಬುಡಪ್ಪ.”

ಸೊಸೆ ಜೊತೆ ಜಗಳವಾಗಿ ಐದು ದಿನದಿಂದ ಮಾತಿಲ್ಲ. ಕತೆ ಬಾವಿಕಟ್ಟೆ ಮೇಲೇ ನಿಂತಿದೆ.

“ನಾನು ಓದಿಲ್ಲ ಅಮ್ಮ” ಅಂದೆ.

“ಓದ್ದೇನೇ ಇಷ್ಟೊಂದು ಹೊತ್ಕೊಂಡು ತಿರುಗ್ತೀಯಾ?”

ಅಷ್ಟು ಅಂದವರೇ ಅತ್ತೆ ಒಳಗೆ ಹೋಗಿ ಕಾಫಿ ಮಾಡಿ ಸೊಸೆ ಮುಂದೆ ಇಟ್ಟರು. ಸೊಸೆ ಕಾಫಿ ಕುಡಿದು, ಪುಸ್ತಕ ತೆಗೆದಳು. ನಾನು ಹೊರಡುವಾಗ ಹಿಂದೆಯೇ ಬಂದು ಹೇಳಿದಳು: “ಅಣ್ಣ, ಮುಂದಿನ ವಾರ ಇನ್ನೂ ದಪ್ಪಂದು ತನ್ನಿ. ಪುಟ ಇರೋವರೆಗೂ ಮನೆ ತಣ್ಣಗಿರುತ್ತೆ.”

ಕೊನೇ ಅಧ್ಯಾಯ

ಮನೆಮನೆಗೂ ಕೇಬಲ್ ಬಂತು, ಧಾರಾವಾಹಿ ಬಂತು. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಲೈಬ್ರರಿ ಮುಚ್ಚೋದು ಅಂತ ತೀರ್ಮಾನ ಮಾಡಿ, ಪುಸ್ತಕ ವಾಪಸ್ ತರೋಕೆ ಹೊರಟೆ. ಎಲ್ಲರೂ ಕೊಟ್ಟರು. ಕುಣಿಗಲ್ ಕೆರೆ ಹತ್ತಿರದ ಟೈಲರ್ ಒಬ್ಬರು ಮಾತ್ರ ಕೊಡಲಿಲ್ಲ. ಒಂದೇ ಕಾದಂಬರೀನ ಎಂಟು ವರ್ಷದಿಂದ ಇಟ್ಟುಕೊಂಡಿದ್ದರು.

“ಇನ್ನೂ ಮುಗಿದಿಲ್ವಾ ಯಜಮಾನ್ರೇ?”

“ಕೊನೇ ಅಧ್ಯಾಯ ಬಿಟ್ಟು ಹತ್ತು ಸಲ ಓದಿದೀನಿ. ಕೊನೇಲಿ ನಾಯಕಿ ಸಾಯ್ತಾಳೆ ಅಂತ ಯಾರೋ ಅಂದ್ರು. ನಾನು ಓದ್ದೇ ಇದ್ರೆ ಬದುಕಿರ್ತಾಳಲ್ಲ. ಎಲ್ಲಾ ಆ ಅವಳಪ್ಪನಿಂದ ಕಣಪ್ಪ, ಕಟುಕ ಅವನು.”

ಕಾಜ ಹೊಲೀತಾ ಕೂತಿದ್ದ ಅವರ ಹೆಂಡತಿ ತಲೆ ಎತ್ತದೆ ಹೇಳಿದರು: “ಸಾಯೋದು ಅವಳಲ್ಲ ಕಣ್ರೀ. ಅವಳಪ್ಪ.”

ಟೈಲರ್ ಮಿಷನ್ ನಿಲ್ಲಿಸಿದರು. “ನೀನು ಓದಿದೀಯಾ?”

“ತಂದ ವಾರಾನೇ.”

“ಎಂಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ರಾ? ಅವಳ್ನ ಕಾಪಾಡ್ತಾ ಖುಷಿಯಾಗಿದ್ರಿ, ಇರ್ಲಿ ಅಂತ ಸುಮ್ನಿದ್ದೆ.”

ಅವರು ಕತ್ತಿನಲ್ಲಿದ್ದ ಟೇಪು ತೆಗೆದಿಟ್ಟು, ನನ್ನೆದುರಿಗೇ ಕೊನೇ ಅಧ್ಯಾಯ ಓದೋಕೆ ಕೂತರು. ಅರ್ಧ ಗಂಟೆ ಕಾದೆ. ಅವರು ಪುಸ್ತಕ ಮುಚ್ಚಿದಾಗ ಕಣ್ಣಲ್ಲಿ ನೀರು. ಕೈಗೆ ಸಿಕ್ಕಿದ ಯಾರದೋ ರವಿಕೆ ಪೀಸಿನಲ್ಲಿ ಒರೆಸಿಕೊಂಡು, “ಪಾಪ, ಮಗಳಿಗೋಸ್ಕರಾನೇ ಎಲ್ಲಾ ಮಾಡಿದ್ದ. ಸುಮ್ಸುಮ್ನೆ ಬೈಕೊಂಡಿದ್ದೆ ಆ ಮನುಷ್ಯನ್ನ” ಅಂದರು.

“ಪುಸ್ತಕ ನಿಮ್ಮ ಹತ್ರಾನೇ ಇರ್ಲಿ” ಅಂತ ನಾನು ಎದ್ದೆ.

ಅವರ ಹೆಂಡತಿ ಬಾಗಿಲವರೆಗೂ ಬಂದರು. “ಶರ್ಟ್ ಹೊಲಿಸೋದಿದ್ರೆ ಈಗ ಬೇಡಪ್ಪ. ಇನ್ನು ಹನ್ನೊಂದು ದಿನ ಇವರಿಗೆ ಸೂತಕ.”