ಉಪ್ಪಿಲ್ಲದ ಸಾಧನೆ

ಸಂಸಾರಸ್ಥ ಕೆಟ್ಟರೆ ಊರಿಗೆಲ್ಲ ಸುದ್ದಿಯಾಗುತ್ತದೆ. ಸುಧಾರಿಸಿದರೆ ಮನೆಯ ಬೆಕ್ಕು ಸಹ ತಿರುಗಿ ನೋಡುವುದಿಲ್ಲ. ಇದು ನನ್ನ ಒಂದು ವರ್ಷದ ತಪಸ್ಸಿನ ಸಾರ.

ಶಿಗ್ಗಾಂವದ ಕನ್ನಡ ಶಾಲೆಯಲ್ಲಿ ನಾನು ಮಾಸ್ತರ. ಹೆಸರು ಗುದ್ಲೆಪ್ಪ. ನನ್ನ ದನಿ ಕಾಳುಪೇಟೆಯವರೆಗೆ ಕೇಳುತ್ತದೆಂದು ಪ್ರತೀತಿ. ಮನೆಯಲ್ಲಿ ಚಹಾ ತಣ್ಣಗಾದರೆ ಗುಡುಗು, ರೊಟ್ಟಿ ಸೀದರೆ ಸಿಡಿಲು. ರಾಜ್ಯ ಒಂದಾದ ಮರುವರ್ಷದ ಯುಗಾದಿಯಂದು, ಬೇವುಬೆಲ್ಲ ಬಾಯಲ್ಲಿರುವಾಗಲೇ ನನಗೆ ಜ್ಞಾನೋದಯವಾಯಿತು. ನಾಡಿನ ಗಡಿಗಳೇ ಬದಲಾದವು, ಗುದ್ಲೆಪ್ಪನ ನಾಲಿಗೆ ಬದಲಾಗಬಾರದೆ? ಅಂದೇ ಸಿಟ್ಟನ್ನು ತ್ಯಜಿಸಿದೆ. (ಯಾರಿಗೂ ಹೇಳಲಿಲ್ಲ. ಹೇಳಿ ಮಾಡಿದ್ದು ಡಂಗುರ, ಹೇಳದೆ ಮಾಡಿದ್ದು ಸಾಧನೆ ಎಂದು ಮಕ್ಕಳಿಗೆ ಪಾಠ ಹೇಳಿದವನೇ ನಾನು.)

ಆ ವರ್ಷ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ನನ್ನ ಹಾಸಿಗೆ ನಾನೇ ಸುತ್ತಿಟ್ಟೆ. ಸೀದ ರೊಟ್ಟಿಯನ್ನು ಪ್ರಸಾದದಂತೆ ಸ್ವೀಕರಿಸಿದೆ. ಸಾರಿಗೆ ಉಪ್ಪಿಲ್ಲದ ದಿನ "ಚಲೋ ಆಗೇತಿ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡೆ. ದೀಪಾವಳಿಯ ಹೊತ್ತಿಗೆ ಉಪ್ಪಿಲ್ಲದ್ದೇ ರೂಢಿಯಾಯಿತು. ಅದನ್ನೂ ನುಂಗಿದೆ. ನನ್ನ ಆಸೆ ಒಂದೇ: ಹೆಂಡತಿ ಸುಶೀಲವ್ವ ಒಂದು ಸಲವಾದರೂ "ಎಷ್ಟ ಚಲೋ ಆದ್ರಿ!" ಎನ್ನಬೇಕು. ಆಕೆ ಅನ್ನಲಿಲ್ಲ. ಬದಲಿಗೆ ನನ್ನನ್ನು ಕಂಡಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದಳು. ಒಲೆಯ ಹೊಗೆ ಎಂದುಕೊಂಡೆ. ನೆರೆಮನೆಯ ರೋಶನಬಿ ಸವಣೂರಿನಿಂದ ತಾಯತ ತಂದು ಕಟ್ಟಿಸಿದಾಗ, ಇದು ಸಾಧಕನಿಗೆ ಸಲ್ಲುವ ಗೌರವವೆಂದು ಉಬ್ಬಿದೆ.

ಮತ್ತೆ ಯುಗಾದಿ ಬಂತು. ಇನ್ನು ತಡೆಯಲಾರದೆ ನಾನೇ ಕೇಳಿಬಿಟ್ಟೆ.

"ಅಲ್ಲಾ, ಈ ವರ್ಷ ನನ್ನಾಗ ಏನರ ಬದಲ ಕಂಡೀಯೇನು?"

ಆಕೆ ಬೇವಿನ ಬಟ್ಟಲು ಕೆಳಗಿಟ್ಟು ಗೊಳೋ ಎಂದು ಅತ್ತಳು. "ನಿಮಗೂ ಗೊತ್ತಾತೇನ್ರಿ? ನಾ ಮುಚ್ಚಿಟ್ಟಿದ್ನಲ್ರಿ!"

"ಏನ ಮುಚ್ಚಿಟ್ಟಿದ್ದಿ?"

"ನಿಮ್ಮ ಬ್ಯಾನಿ! ನಮ್ಮ ಕಾಕಾನೂ ಸಾಯೂಕಿಂತ ಮದ್ಲ ಹಿಂಗ ಆಗಿದ್ದ. ಬೈಯೂದ ಬಿಟ್ಟ, ಕೊಟ್ಟಿದ್ದ ಉಂಡ, ಹಾಸಿಗಿ ತಾನ ಸುತ್ತಿಟ್ಟ, ಹೋಗೇಬಿಟ್ಟ! ನಾಲಿಗ್ಯಾಗ ರುಚಿ ಆದ್ರೂ ಉಳದೇತೋ ಇಲ್ಲೋ ನೋಡೂನಂತ ಸಾರಿಗೆ ಉಪ್ಪ ಹಾಕೂದ ಬಿಟ್ಟೆ. ಆದ್ರೂ ಬೈಲಿಲ್ಲಲ್ರಿ ನೀವು!"

"ಅಂದ್ರ... ಬೇಕಂತ?"

"ಬೇಕಂತನರಿ. ನಾ ಬ್ಯಾರೆ ಹಾಕ್ಕೊಂಡ ಉಣ್ತಿದ್ದೆ."

ವರ್ಷಪೂರ್ತಿ ಕಟ್ಟಿದ್ದ ಒಡ್ಡು ಒಡೆಯಿತು. "ಹುಚ್ಚ ಹಿಡದೇತೇನ ನಿನಗ? ಸಪ್ಪನ ಸಾರ ಸುರಿಯಾಕ ನಾ ಏನ ಎಮ್ಮೀಯೇನು?" ಎಂದು ಅಬ್ಬರಿಸಿ ತಂಬಿಗೆ ಒದ್ದೆ. ಅದು ಉರುಳುತ್ತ ಅಂಗಳಕ್ಕೆ ಹೋಯಿತು. ಅದರ ಹಿಂದೆ ಸುಶೀಲವ್ವನೂ ಓಡಿದಳು.

"ರೋಶನಬೀ! ಬೈದ್ರವಾ, ಬೈದ್ರು! ತಂಬಿಗಿನೂ ಒದ್ರು!"

"ತಾಯತದ ಗುಣ ನೋಡವಾ ಅದು!" ಎಂದಳು ರೋಶನಬಿ.

ಇಬ್ಬರೂ ಸೇರಿ ಓಣಿಗೆಲ್ಲ ಸಕ್ಕರೆ ಹಂಚಿದರು. ಸಾಧನೆಗೆ ಸಿಗದ ಸಕ್ಕರೆ ಬೈಗುಳಕ್ಕೆ ಸಿಕ್ಕಿತು. ನನಗೆ ಅಳುವೇ ಬಂತು.

ಸುಶೀಲವ್ವ ಕೊಡ ನೀರು ತಂದು ನನ್ನ ತಲೆಯ ಮೇಲೆ ಸುರಿದಳು. "ನಡೀರಿ. ನೀವು ಮೊದಲಿನಂಗ ಆದ್ರ ಮನಿಯಿಂದ ದ್ಯಾಮವ್ವನ ಗುಡಿ ಮಟ ನಿಮ್ಮ ಕಡಿಂದ ದೀಡ ನಮಸ್ಕಾರ ಹಾಕಸ್ತೇನಂತ ಬೇಡ್ಕೊಂಡೇನಿ."

"ಹರಕಿ ಹೊತ್ತಾಕಿ ನೀನು, ಬೀಳಾಂವ ನಾನ?"

"ಬ್ಯಾನಿ ಯಾರದು?"

ಒದ್ದೆ ಧೋತರದಲ್ಲಿ ಅಡ್ಡಬಿದ್ದೆ, ಎದ್ದೆ, ಕೈ ಮುಟ್ಟಿದಲ್ಲಿಂದ ಮತ್ತೆ ಅಡ್ಡಬಿದ್ದೆ. ಪೇಟೆಯ ಎರಡೂ ಬದಿಗೆ ನನ್ನ ವಿದ್ಯಾರ್ಥಿಗಳು ಸಾಲಾಗಿ ನಿಂತಿದ್ದರು. ಹೊಟ್ಟೆಯಡಿ ಹರಳು ಚುಚ್ಚುತ್ತಿದ್ದವು. ಸಿಟ್ಟು ನೆತ್ತಿಗೇರಿತ್ತು, ಆದರೆ ದೇವರ ಕಾರ್ಯದಲ್ಲಿ ಬೈಯುವುದು ಹೇಗೆ? ಹಲ್ಲು ಕಚ್ಚಿ ಸುಮ್ಮನಿದ್ದೆ. ಅಂತೂ ಗುಡಿಯ ಮೆಟ್ಟಿಲಿಗೆ ಕೈ ತಾಗಿತು. ಆಗ ತಲೆಯ ಮೇಲಿಂದ ಸುಶೀಲವ್ವನ ನಡುಗುವ ದನಿ ಕೇಳಿಸಿತು.

"ರೋಶನಬೀ, ಮತ್ತ ಸುಮ್ಮನಾಗ್ಯಾರ ನೋಡವಾ... ತಾಯಿ ದ್ಯಾಮವ್ವಾ, ಇವ್ರು ಇನ್ನೊಮ್ಮಿ ಬೈದ್ರ ಇಲ್ಲಿಂದ ಮನೀ ಮಟನೂ ಹಾಕಸ್ತೇನಿ!"