ಕಾರಿಗೆ ಸಾಂಬ್ರಾಣಿ

ನಮ್ಮ ಭಾವನಷ್ಟು ಶ್ರದ್ಧೆಯಿಂದ ಹೆದರುವವರು ಆಂಧ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ ಇನ್ನೊಬ್ಬರಿದ್ದರೆ ತೋರಿಸಿ! ಭಾವ ಅಂದರೆ ಅಕ್ಕನ ಗಂಡ, ಬ್ಯಾಂಕಿನ ಅಧಿಕಾರಿ. ಹಾಸನದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಎಂವಿಪಿ ಕಾಲೋನಿಯಲ್ಲಿ ಮನೆ ಮಾಡಿದ್ದರು. ಸಮುದ್ರ ಹತ್ತಿರವೆಂದು ಮಹಡಿಯ ಮನೆಯನ್ನೇ ಹಿಡಿದರು. ಮಹಡಿ ಕುಸಿದರೆ ಎಂದು ಮಂಚವನ್ನು ಗೋಡೆಯ ಬದಿಗೆ ಎಳೆದರು. ಗೋಡೆ ಬಿದ್ದರೆ ಎಂದು ನಾನು ತಮಾಷೆಗೆ ಕೇಳಿದೆ. ಅಂದಿನಿಂದ ಪಾಪ ಅವರು ನೆಟ್ಟಗೆ ನಿದ್ದೆ ಮಾಡಲಿಲ್ಲ.

ಇಂಥವರು ಹಳೆಯ ಕಾರೊಂದನ್ನು ಕೊಂಡರು! ಓಡಿಸಲು ಕೈಕಾಲು ನಡುಗುತ್ತಿತ್ತು, ಆದರೂ ಕೊಂಡರು. ಕಾರಣವಿತ್ತು. ಹಿಂದಿನ ವರ್ಷದ ಮಳೆಯಲ್ಲಿ ಆಟೋ ಸಿಗದೆ, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪದೆ, ಅಕ್ಕ ಹೊಟ್ಟೆಯ ಕೂಸನ್ನು ಕಳೆದುಕೊಂಡಿದ್ದಳು. ಈಗ ಮತ್ತೆ ದಿನ ತುಂಬಿತ್ತು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆಗೆ ತವರಿಗೆ ಹೋಗುವಂತಿರಲಿಲ್ಲ. ತವರೇ ಅವಳ ಬಳಿ ಬರಬೇಕಿತ್ತು. ಮೊದಲು ನಾನು ಬಂದೆ. ಹಿಂದಿನಿಂದ ಹೊರಟ ಅಮ್ಮ, ತುಫಾನಿಗೆ ರೈಲು ನಿಂತು, ವಿಜಯವಾಡದ ಒನ್ ಟೌನ್‌ನಲ್ಲಿ ಪರಿಚಯದವರ ಮನೆಯಲ್ಲಿ ಸಿಕ್ಕಿಬಿದ್ದಳು. ಹೆರಿಗೆ ಮಾಡಿಸಿ ಗೊತ್ತಿದ್ದವಳು ಅಲ್ಲಿ, ಹೆರಬೇಕಾದವಳು ಇಲ್ಲಿ. ನನಗೋ ಬಿಸಿನೀರು ಕಾಯಿಸುವುದೊಂದು ಬಿಟ್ಟು ಮತ್ತೇನೂ ಗೊತ್ತಿರಲಿಲ್ಲ.

ಮಳೆ ನಿಂತ ಬೆಳಿಗ್ಗೆ ಕೆಳಗಿಳಿದು ನೋಡಿದರೆ ಕಾರಿನೊಳಗೆ ಬ್ರೇಕು ಮುಳುಗುವಷ್ಟು ನೀರು. ಬಾಗಿಲಿಗೆ ಕೈ ಹಾಕಿದ ನನ್ನನ್ನು ಭಾವ ತಡೆದರು.

"ಮೊದಲು ಕೋಲು ತಗೊಂಡು ಬಾ. ಒಳಗೆ ಹಾವಿದ್ರೆ?"

"ಇದ್ರೆ ಪಾಪ ಅದಕ್ಕೂ ಥಂಡಿ ಆಗಿರತ್ತೆ, ಭಾವ."

ನಾನು ಕೋಲು ತಂದು ಆಡಿಸಿದಾಗ ಸೀಟಿನಡಿಯಿಂದ ಒಂದು ಏಡಿ ಬಂತು. ಅದು ಅಡ್ಡಡ್ಡ ನಡೆದು ಗೇಟು ದಾಟಿತು. ಅಷ್ಟು ಹೊತ್ತಿಗೆ ಭಾವ ಗೇಟಿನ ಮೇಲಿದ್ದರು.

ಮೆಕ್ಯಾನಿಕ್ ಬಂದು ಎಂಜಿನ್ ಒರೆಸಿ ಚಾಲೂ ಮಾಡಿಕೊಟ್ಟ. ಒಳಗಿನ ಒದ್ದೆ ನಿಮ್ಮ ಪಾಡು ಎಂದು ಹೊರಟುಹೋದ. ಕಾರ್ಪೆಟ್ಟನ್ನು ಕಿತ್ತು, ಸೀರೆ ಹಿಂಡುವಂತೆ ನಾನೊಂದು ಕಡೆ ಭಾವ ಒಂದು ಕಡೆ ಹಿಡಿದು ಹಿಂಡಿದೆವು. ಕಪ್ಪು ನೀರು ಇಳಿಯುತ್ತಲೇ ಇತ್ತು. ಹಿಂದಿನ ಸೀಟನ್ನು ಇಬ್ಬರೂ ಹೊತ್ತು ತಾರಸಿಗೆ ಏರಿಸಿ, ಪಕ್ಕದ ಮನೆಯವರು ಒಣಹಾಕಿದ್ದ ಸಂಡಿಗೆಯ ಪಕ್ಕ ಇಟ್ಟೆವು. ಎರಡು ದಿನದ ಬಿಸಿಲಿಗೆ ಸೀಟೇನೋ ಒಣಗಿತು. ಕಾರಿನ ನೆಲ ಮಾತ್ರ ಒಣಗಲೊಲ್ಲದು. ಫ್ಯಾನ್ ಇಡೋಣವೆಂದರೆ ಕರೆಂಟಿಲ್ಲ. ಸಾಲದ್ದಕ್ಕೆ ರೇಡಿಯೊದಲ್ಲಿ ಇನ್ನೊಂದು ತುಫಾನಿನ ಸುದ್ದಿ!

"ಒದ್ದೇಲಿ ಅವಳನ್ನ ಕೂರಿಸಲ್ಲ. ಬಾಣಂತಿಗೆ ಥಂಡಿ ಹತ್ತಿದ್ರೆ ಮುಗೀತು," ಅಂದರು ಭಾವ.

"ಅವಳಿನ್ನೂ ಬಸುರಿ, ಭಾವ."

"ದಾರೀಲೇ ಆಗಿಬಿಟ್ರೆ?"

ಹೇಳಿದವರ ಮುಖ ಬಿಳಿಚಿಕೊಂಡಿತು. ಇವರ ಹೆದರಿಕೆಗಳನ್ನೆಲ್ಲ ಗೇಲಿ ಮಾಡುತ್ತಿದ್ದ ನಾನು ಈ ಸಲ ಕಾರಿನ ನೆಲ ಒರೆಸಲು ಬಟ್ಟೆ ಹುಡುಕುತ್ತಾ ನನ್ನ ಚೀಲ ಬಿಚ್ಚಿದೆ.

ಆಗ ಅವರ ಕಣ್ಣಿಗೆ ಬಿದ್ದದ್ದು ಅಮ್ಮ ನನ್ನ ಕೈಲಿ ಕಳಿಸಿದ್ದ ಬಾಣಂತನದ ಸಾಮಾನು. ಬಾಣಂತಿಗೆ ಎರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಬುಟ್ಟಿ ಕವುಚಿ, ಆ ಹೊಗೆಯಲ್ಲಿ ಕೂದಲು ಒಣಗಿಸುತ್ತಾರಲ್ಲ, ಆ ಸಾಂಬ್ರಾಣಿ.

"ಅಷ್ಟು ಉದ್ದ ಕೂದಲೇ ಒಣಗತ್ತೆ ಅಂದ್ಮೇಲೆ ಕಾರಿನ ನೆಲ ಒಣಗಲ್ವಾ?"

ಕಾರಿನೊಳಗೆ ಇಟ್ಟಿಗೆಯ ಮೇಲೆ ಅಗ್ಗಿಷ್ಟಿಕೆ ಇಟ್ಟು, ಪೊಟ್ಟಣವನ್ನೆಲ್ಲ ಸುರಿದು, ಬಾಗಿಲು ಹಾಕಿದರು. ಬುಟ್ಟಿಯ ಬದಲು ಕಾರು! ಗಳಿಗೆಯಲ್ಲಿ ಸಂದುಗೊಂದುಗಳಿಂದೆಲ್ಲ ಹೊಗೆ ಹೊರಟಿತು. ಎದುರುಮನೆಯಾಕೆ "ಕಾರು ಕಾಲಿಪೋತೋಂದಿ" ಎಂದು, ಕಾರು ಸುಟ್ಟುಹೋಗುತ್ತಿದೆಯೆಂದು, ಕೂಗಿದ್ದೇ ತಡ, ಬೀದಿಯವರೆಲ್ಲ ಬಕೆಟ್ ಹಿಡಿದು ಓಡಿಬಂದರು. ಬಾಗಿಲು ತೆರೆದರು. ಭಾವ ಕೈ ಚಾಚಿ ಅಡ್ಡ ನಿಂತು, ಆ ಗಡಿಬಿಡಿಯಲ್ಲೂ ಮರ್ಯಾದೆ ಬಿಡದೆ, "ವದ್ದಂಡಿ, ವದ್ದಂಡಿ" ಅಂದರು. ಬೇಡರೀ ಎಂದು ಬೇಡಿಕೊಂಡವರ ನೆತ್ತಿಗೇ ಮೊದಲ ಬಕೆಟ್ ಬಿತ್ತು. ಉಳಿದದ್ದೆಲ್ಲ ಕಾರಿಗೆ!

ಅಷ್ಟರಲ್ಲಿ ಮಹಡಿಯಿಂದ ಅಕ್ಕನ ದನಿ ಕೇಳಿತು.

"ರೀ, ಶುರುವಾಯ್ತು ಅನ್ಸತ್ತೆ."

ಅವಳನ್ನು ಹಿಡಿದು ಕೆಳಗಿಳಿಸಲು ನಾನು ಮೇಲಕ್ಕೆ ಓಡಿದೆ. ಭಾವ ತಾರಸಿಗೆ ಓಡಿದರು. ಹಿಂದಿನ ಸೀಟನ್ನು ಒಬ್ಬರೇ ತಲೆಯ ಮೇಲೆ ಹೊತ್ತು ತಂದರು. ಅಂಚಿಗೆ ಪಕ್ಕದ ಮನೆಯವರ ಸಂಡಿಗೆ ಅಂಟಿಕೊಂಡಿತ್ತು. ಅಗ್ಗಿಷ್ಟಿಕೆ ತೆಗೆದು ಸೀಟನ್ನು ಕಾರಿನೊಳಗಿಟ್ಟು, ಅದರ ಮೇಲೆ ಅಕ್ಕನನ್ನು ಕೂರಿಸಿ, ಕಾಲಡಿಗೆ ಮಣೆ ಇಟ್ಟು, ತಾವು ಮುಂದಿನ ಒದ್ದೆ ಸೀಟಿನಲ್ಲಿ ಕೂತರು. ಮೋಡ ಕವಿದು ಮತ್ತೆ ಮಳೆ ಹನಿಯತೊಡಗಿತು. ರಸ್ತೆಯಲ್ಲಿ ನಿಂತ ನೀರಿಗೆ ಇಳಿದಾಗಲೆಲ್ಲ ಎಂಜಿನ್ ಕೆಮ್ಮುತ್ತಿತ್ತು. ನಿಂತುಬಿಟ್ಟರೆ ಎಂದು ನಾನು ಹಿಂದೆ ಅಕ್ಕನ ಪಕ್ಕ ಕೂತು ಅವಳ ಕೈ ಹಿಡಿದಿದ್ದೆ. ಭಾವ ತಿರುಗದೆ ಕೇಳುತ್ತಿದ್ದರು.

"ಹೇಗಿದೀಯಾ?"

"ಇದೀನಿ. ನೀವು ರಸ್ತೆ ನೋಡಿ."

ಕಾರು ನಿಲ್ಲಲಿಲ್ಲ. ಸಂಜೆ ನರ್ಸಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು, ಅಕ್ಕನೂ ಚೆನ್ನಾಗಿದ್ದಾಳೆಂದು ಹೇಳಿ, ಭಾವನ ಮುಂದೆ ಹಿಡಿದಳು. ಅವರು ಎರಡೂ ಕೈ ಚಾಚಿದರು. ತಮ್ಮ ಅಂಗಿಯ ತೋಳು ನೋಡಿಕೊಂಡು ತಟ್ಟನೆ ಹಿಂದಕ್ಕೆಳೆದುಕೊಂಡರು.

"ನಾನು ಒದ್ದೆ. ಮಗೂಗೆ ಥಂಡಿ ಆಗತ್ತೆ. ನೀನೇ ಎತ್ಕೋ, ನಾನು ಇಲ್ಲಿಂದ ನೋಡ್ತೀನಿ."

ನಾನು ಎತ್ತಿಕೊಂಡೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ, ದೂರದಿಂದಲೇ ನೋಡುತ್ತಾ ನಿಂತರು.